ಹನ್ನೆರಡನೆಯ ದಿನದ ಮಾತು

"ಮೇಡಂ, ಹಿಂದಕ್ಕೆ ಪಡೆದದ್ದಕ್ಕೆ ಅರವತ್ತೆರಡು ಮನೆಯವರದ್ದೂ ಹೆಬ್ಬೆಟ್ಟು ಅಥವಾ ಸಹಿ ಉಂಟು. ವೈ-ಮೂವತ್ತೊಂದಕ್ಕೆ ಮಾತ್ರ ಇಲ್ಲ. ಒಮ್ಮೆ ನೋಡ್ತೀರಾ?"

ಮೋಕ್ಷಾ ಹಳೆಯ ರಿಜಿಸ್ಟರನ್ನು ಮೇಜಿನ ಮೇಲೆ ಬೇಬಿ ಮೆಂಡನ್ ಕಡೆಗೆ ತಿರುಗಿಸಿ ಇಟ್ಟಳು. ಬೇಬಿ ಕನ್ನಡಕ ಹಾಕಿಕೊಳ್ಳಲಿಲ್ಲ. ಆ ಸಾಲಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದು ಅವಳಿಗೆ ಹದಿನಾರು ವರ್ಷಗಳಿಂದ ಗೊತ್ತಿತ್ತು.

"ಬಿಟ್ಟು ಹೋಗಿರಬೇಕು" ಎಂದಳು.

"ನಿಮ್ಮ ರಿಜಿಸ್ಟರಿನಲ್ಲಿ ಬಿಟ್ಟು ಹೋಗುವುದು ಅಂತ ಉಂಟಾ ಮೇಡಂ?" ಎಂದು ಮೋಕ್ಷಾ ನಕ್ಕಳು. ಕಾರ್ಕಳದ ಹುಡುಗಿ, ವಿಭಾಗದಲ್ಲಿ ಹೊಸ ಉಪನ್ಯಾಸಕಿ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು. ಒಳ್ಳೆಯ ಮನಸ್ಸಿನವರ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಕೆಟ್ಟವರಾದರೆ ಗದರಿಸಿ ಕಳುಹಿಸಬಹುದು.

ಮಣಿಪಾಲದ ಆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಬೇಬಿ ಮೂವತ್ತನಾಲ್ಕು ವರ್ಷ ಮಿದುಳಿನ ಕೆಲಸ ಮಾಡಿದವಳು. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದಿತ್ತು. ತುಳುನಾಡಿನಲ್ಲಿ ಬೇಬಿ ಎಂದು ಹೆಸರಿಟ್ಟರೆ ಎಪ್ಪತ್ತು ದಾಟಿದರೂ ಬೇಬಿಯೇ. ಎಪ್ಪತ್ತೆರಡರ ಈ ಪ್ರೊಫೆಸರರನ್ನು ವಿದೇಶದವರು ಪತ್ರದಲ್ಲಿ 'ಡಾಕ್ಟರ್ ಬೇಬಿ' ಎಂದೇ ಕರೆಯುತ್ತಿದ್ದರು. ಬರುವ ಶುಕ್ರವಾರ ವಿಭಾಗದ ಕೆಳಮಹಡಿಯಲ್ಲಿ ಮಿದುಳು ಸಂಶೋಧನೆಯ ಚರಿತ್ರೆ ಹೇಳುವ ಒಂದು ಸಂಗ್ರಹಾಲಯದ ಉದ್ಘಾಟನೆ. ನಡುವಿನ ಗಾಜಿನ ಕಪಾಟಿನಲ್ಲಿ ಇಡುವುದು ವೈ-ಮೂವತ್ತೊಂದನ್ನು: ಒಂದು ಜಾಡಿಯಲ್ಲಿ ಅರ್ಧ ಮಿದುಳು, ಪಕ್ಕದಲ್ಲಿ ಉಳಿದರ್ಧದ ಸ್ಲೈಡುಗಳು, ಮೇಲೆ ಬೇಬಿಯ ಫೋಟೋ. ಮೋಕ್ಷಾ ಅದಕ್ಕೊಂದು ಪುಸ್ತಿಕೆ ಬರೆಯುತ್ತಿದ್ದಳು.

ಆ ಹೆಬ್ಬೆಟ್ಟುಗಳ ಕಥೆ ಹೇಳದಿದ್ದರೆ ಬೇಬಿಯ ಕಥೆ ಅರ್ಥವಾಗುವುದಿಲ್ಲ.

ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅವಳು ವಯಸ್ಸಾದ ಹೆಂಗಸರ ಮರೆವಿನ ಬಗ್ಗೆ ಅಧ್ಯಯನ ಶುರುಮಾಡಿದಾಗ ವಿಭಾಗದ ಮುಖ್ಯಸ್ಥರು, "ಒಳ್ಳೆಯದಾಯಿತು, ಹೆಣ್ಣುಮಕ್ಕಳಿಗೆ ಸೂಕ್ಷ್ಮದ ಕೆಲಸ ಆಗ್ತದೆ, ಕಸೂತಿಯ ಹಾಗೆ" ಎಂದಿದ್ದರು. ಬೇಬಿ ಎರ್ಮಾಳು, ಪೆರ್ಡೂರು, ಅಜೆಕಾರು ಎಂದು ಮೂರು ಊರು ಆರಿಸಿಕೊಂಡು, ವರ್ಷಕ್ಕೊಮ್ಮೆ ಅದೇ ಮುದುಕಿಯರ ಮನೆಗೆ ಹೋಗಿ ಅವರ ನೆನಪನ್ನು ಪರೀಕ್ಷಿಸುತ್ತಿದ್ದಳು. ಹೊರದೇಶದ ಪರೀಕ್ಷೆಯಲ್ಲಿ ಸೇಬು, ಮೇಜು, ನಾಣ್ಯ ಎಂದೆಲ್ಲ ಇತ್ತು. ಬೇಬಿ ಅದನ್ನು ಬದಿಗಿಟ್ಟು ಎರ್ಮಾಳಿನವರಿಗೆ ಹದಿನೈದು ಮೀನಿನ ಹೆಸರು ಹೇಳಿದಳು, ಅಜೆಕಾರಿನವರಿಗೆ ಭತ್ತದ ಹೆಸರು. ಹೇಳಿ, ಅವರು ಕೊಟ್ಟ ಚಾ ಕುಡಿದು, ಅರ್ಧ ಗಂಟೆ ಊರಿನ ಸುದ್ದಿ ಮಾತಾಡಿ, ಆಮೇಲೆ "ಈಗ ಹೇಳಿ, ಯಾವ್ಯಾವುದು?" ಎಂದು ಕೇಳುವುದು. ಯಾರಾದರೂ ತೀರಿಕೊಂಡರೆ, ಮನೆಯವರು ಒಪ್ಪಿದರೆ, ಮಿದುಳು ವಿಭಾಗಕ್ಕೆ ಬರುತ್ತಿತ್ತು.

ಮೊದಲು ತೀರಿಕೊಂಡವಳು ಅಜೆಕಾರಿನ ಚಂದು. ಅವಳ ಹಿರಿಯ ಮಗ ಸುಂದರ ಕಾಗದ ಓದಿಸಿಕೊಂಡು ಕೇಳಿ, ಹೆಬ್ಬೆಟ್ಟು ಒತ್ತುವ ಮೊದಲು ಒಂದು ಮಾತು ಕೇಳಿದ್ದ.

"ಟೀಚರೇ, ಹದಿಮೂರನೇ ದಿನ ಬೊಜ್ಜದಲ್ಲಿ ನಾವು ಅಮ್ಮನನ್ನು ಒಳಗೆ ಕರೆಯಬೇಕು. ತಲೆ ಖಾಲಿಯಾಗಿ ಹೋದವರಿಗೆ ಮನೆ ಯಾವುದು ಅಂತ ಗೊತ್ತಾಗ್ತದಾ?"

ಬೇಬಿ ಓದಿದವಳು, ಆದರೆ ಎರ್ಮಾಳಿನ ಮೊಗವೀರರ ಮನೆಯಲ್ಲಿ ಹುಟ್ಟಿದವಳು. ಅವಳಿಗೆ ನಗು ಬರಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಸಂಜೆ ಮನೆಯ ಹಿರಿಮಗ ಚೆಂಬಿನಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತು, ಸತ್ತವರನ್ನು ಮೂರು ಸಲ ಒಳಗೆ ಕರೆಯುತ್ತಾನೆ. ಹಾಗೆ ಕರೆದ ಮೇಲೆ ಅವರು ಒಳಗಿನ ಹಿರಿಯರ ಜೊತೆ ಸೇರುತ್ತಾರೆ, ವರ್ಷಕ್ಕೊಮ್ಮೆ ಅವರಿಗೊಂದು ಎಲೆ ಹಾಕಿ ಅನ್ನ ಬಡಿಸುತ್ತಾರೆ. ಒಳಗೆ ಬಾರದವರು ಮಳೆ ಬಿಸಿಲೆನ್ನದೆ ಅಂಗಳದಲ್ಲೇ ಉಳಿದರು ಎಂದು ಲೆಕ್ಕ. ಅವಳು ಸುಂದರನಿಗೆ ಹೇಳಿದಳು: "ಸ್ವಲ್ಪ ಚೂರು ಮಾತ್ರ ಇಟ್ಟುಕೊಳ್ತೇನೆ. ಉಳಿದದ್ದನ್ನು ಹನ್ನೆರಡನೇ ದಿನ ನಾನೇ ತಂದು ಕೊಡ್ತೇನೆ. ಬೂದಿಯ ಜೊತೆ ನೀರಿಗೆ ಬಿಡಿ. ಆಮೇಲೆ ಕರೆಯಿರಿ."

ಮಾತು ಕೊಡುವುದು ಸುಲಭ. ಆ ಮಾತಿನಿಂದ ತನ್ನ ವಿದ್ಯೆಗೇ ಏನಾಯಿತೆಂದು ಅವಳಿಗೆ ತಿಳಿದದ್ದು ನಿಧಾನವಾಗಿ. ಹಸಿ ಮಿದುಳು ಎಂದರೆ ಮಕ್ಕಳಿಗೆ ಉಣಿಸುವ ಮಣ್ಣಿಯ ಹಾಗೆ, ಕೈಗೆ ನಿಲ್ಲುವುದಿಲ್ಲ. ಫಾರ್ಮಲಿನ್ನಿನಲ್ಲಿ ಐದಾರು ವಾರ ಕೂತರೆ ಹಾಲುಬಾಯಿ ಸಿಹಿಯ ಹಾಗೆ ಗಟ್ಟಿಯಾಗಿ, ಆಮೇಲೆ ನೇರವಾಗಿ ಕೊಯ್ಯಲು ಬರುತ್ತದೆ. ಹನ್ನೆರಡು ದಿನಕ್ಕೆ ಒಳಭಾಗ ಇನ್ನೂ ಮೆತ್ತಗೇ ಇರುತ್ತದೆ. ಬೇಬಿ ಹೆಬ್ಬೆರಳಿನಷ್ಟು ದೊಡ್ಡ ಒಂದೆರಡು ತುಂಡು ತೆಗೆದುಕೊಂಡು, ಉಳಿದದ್ದನ್ನು ಹೊಸ ಮಣ್ಣಿನ ಮಡಕೆಯಲ್ಲಿಟ್ಟು, ಕೆಂಪು ಬಟ್ಟೆ ಕಟ್ಟಿ ಹಿಂದಕ್ಕೆ ಕೊಡುತ್ತಿದ್ದಳು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದದ್ದೂ ಉಂಟು. ಅಜೆಕಾರಿನಲ್ಲೂ ಪೆರ್ಡೂರಿನಲ್ಲೂ ಅವಳನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ವಿದೇಶದ ಪತ್ರಿಕೆಗಳು ಮಾತ್ರ ಅವಳ ಲೇಖನಗಳನ್ನು ಒಂದೊಂದಾಗಿ ತಿರುಗಿಸಿ ಕಳುಹಿಸಿದವು. 'ಅಂಗಾಂಶ ಸರಿಯಾಗಿ ಹದವಾಗಿಲ್ಲ', 'ಮಾದರಿ ತೀರಾ ಸಣ್ಣದು'. ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾಲ್ಕು ದೊಡ್ಡ ಲೇಖನ ಹೋಗಿ, ನಾಲ್ಕೂ ಹಿಂದೆ ಬಂದವು. ಅವಳ ಜೊತೆಗಾರರು ಆ ಹೊತ್ತಿಗೆ ಡೀನ್‌ಗಳಾಗಿದ್ದರು.

"ಒಂದು ತಿಂಗಳು ಇಟ್ಟುಕೊಂಡರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?" ಎಂದು ಅವರಲ್ಲೊಬ್ಬರು ಕೇಳಿದ್ದರು.

"ನನಗೆ ಗೊತ್ತಾಗ್ತದೆ" ಎಂದಿದ್ದಳು ಬೇಬಿ. ಆಗ ಅದು ನಿಜವೂ ಆಗಿತ್ತು.

ಎರ್ಮಾಳಿನ ಪಟ್ಟಿಯಲ್ಲಿ, ಅಂದರೆ ರಿಜಿಸ್ಟರಿನ 'ವೈ'ಯಲ್ಲಿ, ಮೂವತ್ತೊಂದನೆಯ ಹೆಸರು ಅಪ್ಪಿ ಮೆಂಡನ್. ಬೇಬಿಯ ತಾಯಿ.

ಅಪ್ಪಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎರ್ಮಾಳಿನಿಂದ ಕಾಪು ಮಾರ್ಕೆಟ್ಟಿಗೆ ಐವತ್ತೈದು ವರ್ಷ ಮೀನು ಹೊತ್ತವಳು. ಯಾರ ಮನೆಯಲ್ಲಿ ಸೋಮವಾರ ಮೀನು ಮಾಡುವುದಿಲ್ಲ, ಯಾರ ಸೊಸೆಗೆ ಸಿಗಡಿ ಆಗುವುದಿಲ್ಲ, ಯಾವ ಮನೆಯ ಹುಡುಗಿಯನ್ನು ಪಡುಬಿದ್ರಿಗೆ ಕೊಟ್ಟರು, ಎಲ್ಲ ನಾಲಿಗೆಯ ತುದಿಯಲ್ಲಿ. ಎಂಬತ್ತೆಂಟರ ವಯಸ್ಸಿನಲ್ಲಿಯೂ ಹದಿನೈದು ಮೀನಿನಲ್ಲಿ ಹದಿನೈದನ್ನೂ ಹೇಳಿ, "ನೀನು ಹೇಳುವಾಗ ಬಂಗುಡೆ ಮೊದಲು ಹೇಳಿದ್ದಿ, ಹೋದ ವರ್ಷ ಬೂತಾಯಿ ಮೊದಲು ಹೇಳಿದ್ದಿ" ಎಂದು ಪರೀಕ್ಷೆ ಮಾಡುವವಳದ್ದೇ ತಪ್ಪು ಹಿಡಿಯುತ್ತಿದ್ದಳು. ಓದು ಕಲಿತವರ ಮಿದುಳು ಮರೆವನ್ನು ತಡೆದುಕೊಳ್ಳುತ್ತದೆ ಎಂದು ಆಗ ಎಲ್ಲರೂ ಹೇಳುತ್ತಿದ್ದ ಕಾಲ. ಬೇಬಿ ತನ್ನ ತಾಯಿಯನ್ನು ನೋಡುತ್ತಾ, ಹಾಗಾದರೆ ಇದು ಏನು ಎಂದು ಯೋಚಿಸುತ್ತಿದ್ದಳು.

"ನನ್ನದೂ ತೆಗೆದುಕೋ" ಎಂದಿದ್ದಳು ಅಪ್ಪಿ ಒಂದು ದಿನ, ಬಲೆಯ ನೂಲು ಸುತ್ತುತ್ತಾ. "ಆದರೆ ಹನ್ನೆರಡನೇ ದಿನ ತಂದು ಕೊಡು. ಊರಿಗೆಲ್ಲ ಕೊಟ್ಟಿದ್ದಿ. ನನಗೆ ಕೊಡದೆ ಇರಬೇಡ."

"ಎಂತ ಮಾತು ಅಮ್ಮ ಅದು" ಎಂದಿದ್ದಳು ಬೇಬಿ.

ಎರಡು ಸಾವಿರದ ಎಂಟರ ಜನವರಿಯಲ್ಲಿ ಅಪ್ಪಿ ತೀರಿಕೊಂಡಳು. ಒಪ್ಪಿಗೆಯ ಕಾಗದಕ್ಕೆ ಬೇಬಿಯೇ ಸಹಿ ಹಾಕಿದಳು. ಮೊದಲ ದಿನ ಹೊರಪದರದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವಳು, ನಂಬದೆ ಇನ್ನೊಂದು ಚೂರು ತೆಗೆದು ನೋಡಿದಳು. ಪೂರ್ತಿ ಮರೆವು ಬಂದು ಮಕ್ಕಳ ಗುರುತೂ ಸಿಗದೆ ಸತ್ತವರ ಮಿದುಳಿನಲ್ಲಿ ಕಾಣುವ ಕಪ್ಪು ಕಲೆಗಳು, ತಾಯಿಯ ಮಿದುಳಿನಲ್ಲಿ ಒತ್ತೊತ್ತಾಗಿ ತುಂಬಿದ್ದವು. ಅಷ್ಟು ಕಲೆ ಹೊತ್ತುಕೊಂಡು ಈ ಹೆಂಗಸು ಹದಿನೈದಕ್ಕೆ ಹದಿನೈದು ಹೇಳಿದ್ದಳು. ಶಾಲೆಯಿಲ್ಲದೆ. ಓದಿಲ್ಲದೆ.

ಹನ್ನೆರಡನೆಯ ದಿನ ಬಂತು. ಬೇಬಿ ಬೆಳಿಗ್ಗೆ ಬೇಗ ವಿಭಾಗಕ್ಕೆ ಹೋಗಿ ಜಾಡಿಯ ಮುಚ್ಚಳ ತೆಗೆದು, ಕೈಗವಸು ಹಾಕಿದ ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿದಳು. ಇನ್ನೂ ಮೆತ್ತಗಿತ್ತು. ಇನ್ನು ನಾಲ್ಕೇ ವಾರ, ಎಂದುಕೊಂಡಳು. ಅಜೆಕಾರಿನ ಸುಂದರನಿಗಾದರೆ ಹಾಗೆ ಮಾಡುತ್ತಿರಲಿಲ್ಲ. ಪೆರ್ಡೂರಿನವರಿಗೂ ಮಾಡುತ್ತಿರಲಿಲ್ಲ. ಪರರ ತಾಯಿಯಾದರೆ ಕೇಳುವವರಿದ್ದಾರೆ, ತನ್ನ ತಾಯಿಯನ್ನು ತನ್ನಲ್ಲಿ ಯಾರು ಕೇಳುತ್ತಾರೆ? ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ಕಂಡೇ.

ಅವಳು ತಕ್ಕಡಿ ತಂದಳು. ಮಿದುಳಿನ ತೂಕ ಸಾವಿರದ ನೂರ ಎಂಬತ್ತು ಗ್ರಾಂ ಎಂದು ಬರೆದಿಟ್ಟಿದ್ದಳು. ಪ್ರಯೋಗಾಲಯದ ಮೇಣ, ಹತ್ತಿ, ಸ್ವಲ್ಪ ಒದ್ದೆ ಮರಳು ಸೇರಿಸಿ ಅಷ್ಟೇ ತೂಕ ಮಾಡಿ ಮಡಕೆಗೆ ತುಂಬಿದಳು. ಕೆಂಪು ಬಟ್ಟೆ ಕಟ್ಟಿದಳು. ಮಧ್ಯಾಹ್ನ ಅಣ್ಣ ಶೇಖರ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ದೋಣಿಯಲ್ಲಿ ತೆರೆಗಳಾಚೆ ಹೋಗಿ ಬೂದಿಯ ಜೊತೆ ನೀರಿಗೆ ಬಿಟ್ಟ. ಬೇಬಿ ದಡದಲ್ಲಿ ನಿಂತು ನೋಡಿದಳು. ಮರುದಿನ ಸಂಜೆ ಅವನು ಹೊಸ್ತಿಲಲ್ಲಿ ನಿಂತು ತುಳುವಿನಲ್ಲಿ ಮೂರು ಸಲ ಕರೆದ: "ಅಪ್ಪೆ, ಉಲಾಯಿ ಬಲ." ಅಮ್ಮ, ಒಳಗೆ ಬಾ. ಬೇಬಿ ಒಳಗೆ ದೀಪದ ಹತ್ತಿರ ಕೂತು ಅದನ್ನು ಕೇಳಿದಳು.

ನಾಲ್ಕು ವಾರವಾದ ಮೇಲೆ ತಂದು ಕೊಡುವುದು ಎಂದುಕೊಂಡಿದ್ದಳು. ಆದರೆ ಅಷ್ಟೊತ್ತಿಗೆ ಎಡಭಾಗವನ್ನು ಕೊಯ್ಯದೆ ಇರಲು ಆಗಲಿಲ್ಲ. ವಿಭಾಗದಲ್ಲಿ ಕೊಯ್ಯುವ ಯಂತ್ರ ನಡೆಸುತ್ತಿದ್ದವಳು ಕಾರ್ಕಳದ ಲೊರ್ನಾ. ಇಪ್ಪತ್ತು ವರ್ಷದಲ್ಲಿ ಒಂದು ಕೆಲಸಕ್ಕೂ ಇಲ್ಲವೆಂದವಳಲ್ಲ. ಜಾಡಿಯ ಮೇಲಿನ ಚೀಟಿ ಓದಿ, ಕೈ ಒರೆಸಿಕೊಂಡು, "ಇದು ನಿಮ್ಮ ಮಮ್ಮಿ ಅಲ್ವಾ ಮೇಡಂ? ಇದನ್ನು ನಾನು ಕೊಯ್ಯುವುದಿಲ್ಲ. ನೀವೂ ಬಿಡಿ" ಎಂದಳು. ಬೇಬಿ ಬಿಡಲಿಲ್ಲ. ಸಾವಿರದ ನೂರ ನಲವತ್ತು ಪದರ, ಕೂದಲಿಗಿಂತ ತೆಳ್ಳಗೆ, ಒಂದೊಂದನ್ನೂ ತಾನೇ ಕೊಯ್ದು ನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿದಳು. ನಾಲ್ಕು ತಿಂಗಳು ಹಿಡಿಯಿತು. ಲೊರ್ನಾ ಆಮೇಲೆ ಅವಳೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಎರಡು ವರ್ಷದ ಮೇಲೆ ಲೇಖನ ಬಂತು. 'ಅಕ್ಷರ ಬಾರದ, ಎಂಬತ್ತೆಂಟು ವರ್ಷದ ಒಬ್ಬ ಮೀನು ಮಾರುವ ಹೆಂಗಸು' ಎಂದು ಶುರುವಾಗುವ ಲೇಖನ. ಹೊರದೇಶದಿಂದ ಪತ್ರಗಳು ಬಂದವು, ಸಮ್ಮೇಳನಗಳ ಕರೆ ಬಂತು, ಪಠ್ಯಪುಸ್ತಕವೊಂದರಲ್ಲಿ ಮೂರು ಸಾಲು ಬಂತು. ಕಸೂತಿ ಎಂದಿದ್ದ ಮುಖ್ಯಸ್ಥರು ಕೋಲೂರಿಕೊಂಡು ಬಂದು ಶಾಲು ಹೊದಿಸಿದರು. ಬೇಬಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದು ಯಾಕೆ? ತುಂಬಾ ಸಂತೋಷವಾಯಿತು.

ಮೋಕ್ಷಾ ಆ ಪ್ರಶ್ನೆ ಕೇಳಿದ ಮರುದಿನ ಮಂಗಳವಾರ. ಅಣ್ಣನ ಮಗ ಅಕ್ಷಿತ್‌ನ ಫೋನು ಬಂತು.

"ಅತ್ತೆ, ಅಪ್ಪನನ್ನು ಆಸ್ಪತ್ರೆಗೆ ತಂದಿದ್ದೇನೆ. ಹೃದಯದ ಕವಾಟ ಬದಲಿಸಬೇಕಂತೆ. ತಡ ಮಾಡಬಾರದು ಅಂತಾರೆ ಡಾಕ್ಟ್ರು. ಅಪ್ಪ ಸಹಿ ಹಾಕುವುದಿಲ್ಲ ಅಂತ ಕೂತಿದ್ದಾರೆ. ನೀವೊಮ್ಮೆ ಬಂದು ಹೇಳಿ."

ಶೇಖರ ಆಸ್ಪತ್ರೆಯ ಹಿಂಬದಿಯ ಕಲ್ಲುಬೆಂಚಿನ ಮೇಲೆ ಕೂತಿದ್ದ. ಎಪ್ಪತ್ತಾರು ವರ್ಷ. ಒಂದು ಕಾಲದಲ್ಲಿ ದೋಣಿಯನ್ನು ಒಬ್ಬನೇ ಮರಳಿನ ಮೇಲೆ ಎಳೆಯುತ್ತಿದ್ದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಬೇಬಿ ಪಕ್ಕದಲ್ಲಿ ಕೂತಳು.

"ಇದೇನು ಹಟ ಅಣ್ಣ? ದಿನಾ ಹತ್ತು ಮಂದಿಗೆ ಮಾಡ್ತಾರೆ ಇಲ್ಲಿ."

"ಮಾಡಲಿ" ಎಂದ ಶೇಖರ. "ನಾನು ಮೇಜಿನ ಮೇಲೆ ಸತ್ತುಹೋದರೆ?"

"ಸಾಯುವುದಿಲ್ಲ."

"ಸತ್ತರೆ ಅಕ್ಷಿತ್ ನನ್ನನ್ನು ಒಳಗೆ ಕರೀತಾನೆ. ನಾನು ಒಳಗೆ ಹೋಗಬೇಕಾದರೆ ಅಂಗಳ ದಾಟಿ ಹೋಗಬೇಕು. ಅಂಗಳದಲ್ಲಿ ಅಮ್ಮ ನಿಂತಿದ್ದಾಳೆ. ಅವಳ ಮುಖ ನೋಡಿಕೊಂಡು ನಾನು ಹೇಗೆ ಒಳಗೆ ಹೋಗಲಿ ಹೇಳು."

ಬೇಬಿಗೆ ಅದು ಗೊತ್ತಿದ್ದ ಸಂಗತಿಯೇ. ಅಮ್ಮ ಸತ್ತ ಮೂರನೆಯ ವರ್ಷ ಶೇಖರನ ಬಲೆಗೆ ಏನೂ ಬೀಳದ ಹಾಗಾದಾಗ ಅವನು ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದ. ಮನೆಯ ಹಿರಿಯ ಹೆಂಗಸೊಬ್ಬಳು ಒಳಗೆ ಬಂದಿಲ್ಲ ಎಂದಿದ್ದರು ಅವರು. ಜೋಯಿಸರು ಕವಡೆ ಮಗುಚಿದರೆ ಯಾರ ಮನೆಯ ಅಂಗಳದಲ್ಲೂ ಯಾರಾದರೊಬ್ಬರು ನಿಂತೇ ಇರುತ್ತಾರೆ ಎಂದು ಬೇಬಿ ಆಗ ನಕ್ಕಿದ್ದಳು. ನಕ್ಕರೂ ಅಂದಿನಿಂದ ಎರ್ಮಾಳಿನ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದಳು.

"ಆ ಜೋಯಿಸರ ಮಾತನ್ನು ಇನ್ನೂ ಹಿಡಿದುಕೊಂಡಿದ್ದೀಯಾ?"

"ಜೋಯಿಸರು ಹೇಳುವುದು ಬೇಡ. ನನಗೇ ಗೊತ್ತುಂಟು ಅವಳು ಯಾಕೆ ಬರಲಿಲ್ಲ ಅಂತ." ಶೇಖರ ನೆಲ ನೋಡುತ್ತಾ ಮಾತಾಡಿದ. "ಸಾಯುವ ಮೂರು ತಿಂಗಳ ಮೊದಲು ಅವಳ ಬುಟ್ಟಿ ಅಡಗಿಸಿಟ್ಟೆ. ಎಂಬತ್ತೆಂಟು ವರ್ಷ, ರಸ್ತೆಯಲ್ಲಿ ಲಾರಿ, ಎಲ್ಲಿಯಾದರೂ ಬಿದ್ದರೆ ಅಂತ ಹೆದರಿಕೆ ನನಗೆ. ಕಾಪುವಿಗೆ ಹೋಗುವುದು ಸಾಕು ಅಂದೆ. ಅವಳು ಕೇಳಲಿಲ್ಲ. ನಾನು ಕೈ ಹಿಡಿದು ಎಳೆದೆ ಬೇಬಿ, ಅವಳು ಚಾವಡಿಯಲ್ಲಿ ಬಿದ್ದಳು. ಎದ್ದು ನನ್ನನ್ನು ಒಮ್ಮೆ ನೋಡಿದಳು, ಅಷ್ಟೆ. ಆಮೇಲೆ ಮೂರು ತಿಂಗಳು ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಹಾಗೇ ಸತ್ತಳು."

ಬೇಬಿಗೆ ಇದು ಗೊತ್ತಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ.

"ನಾನು ಕರೆದರೆ ಅವಳು ಯಾಕೆ ಬರ್ತಾಳೆ? ಕೈ ಹಿಡಿದು ಎಳೆದವನು ಕರೆದರೆ ಯಾರಾದರೂ ಒಳಗೆ ಬರ್ತಾರಾ? ಎರಡು ವರ್ಷವಾಯಿತು, ಎಲೆ ಹಾಕುವುದನ್ನೂ ಅಕ್ಷಿತ್‌ಗೆ ಬಿಟ್ಟಿದ್ದೇನೆ. ನನ್ನ ಕೈಯ ಅನ್ನ ಅವಳಿಗೆ ಬೇಡ." ಅವನು ಮುಖ ಒರೆಸಿಕೊಂಡ. "ಆಪರೇಶನ್ ಬೇಡ. ಎಷ್ಟು ದಿನ ಉಂಟೋ ಅಷ್ಟು ದಿನ ಅವಳ ಜೊತೆ ಹೊರಗೇ ಇರ್ತೇನೆ."

ಬೇಬಿ ಬಾಯಿ ತೆರೆದಳು. ಆಸ್ಪತ್ರೆಯ ಜನ ಓಡಾಡುತ್ತಿದ್ದರು, ಅಕ್ಷಿತ್ ಕಾಫಿ ಹಿಡಿದುಕೊಂಡು ಬರುತ್ತಿದ್ದ. ಬೇಬಿ ಎದ್ದು ಲೋಟ ತೆಗೆದು ಅಣ್ಣನ ಕೈಗಿಟ್ಟಳು. ಹದಿನಾರು ವರ್ಷ ಒಬ್ಬ ಮನುಷ್ಯ ತನ್ನ ಎದೆಯನ್ನೇ ಹೀಗೆ ಕೊರೆದುಕೊಂಡಿದ್ದಾನೆ, ಕೊರೆಯಲು ಉಳಿ ಕೊಟ್ಟವಳು ತಾನು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಾಫಿ ಕುಡಿದು, ಸಹಿ ಹಾಕದೆ, ಶೇಖರ ಮಗನ ಜೊತೆ ಊರಿಗೆ ಹೋದ.

ಗುರುವಾರ ಬೆಳಿಗ್ಗೆ ಬೇಬಿ ವಿಭಾಗಕ್ಕೆ ಬಂದಾಗ ಗಾಜಿನ ಕಪಾಟಿಗೆ ದೀಪ ಹಾಕಿ ನೋಡುತ್ತಿದ್ದರು. ಜಾಡಿ ಒಳಗೆ ಕೂತಿತ್ತು. ಅವಳು ರಿಜಿಸ್ಟರು ತರಿಸಿ, ವೈ-ಮೂವತ್ತೊಂದರ ಸಾಲಿನಲ್ಲಿ 'ಹಿಂದಿರುಗಿಸಿದವರು' ಎಂಬಲ್ಲಿ ತನ್ನ ಸಹಿ ಹಾಕಿದಳು. 'ಪಡೆದುಕೊಂಡವರು' ಎಂಬಲ್ಲಿಯೂ ತನ್ನ ಸಹಿಯನ್ನೇ ಹಾಕಿದಳು. ಆಮೇಲೆ ಮೋಕ್ಷಾಳನ್ನು ಕೂರಿಸಿಕೊಂಡು, ನಡೆದದ್ದನ್ನು ಮೇಣ, ಹತ್ತಿ, ಮರಳು ಸಮೇತ ಹೇಳಿದಳು.

ಮೋಕ್ಷಾ ಪುಸ್ತಿಕೆಯ ಹಾಳೆಗಳನ್ನು ಬದಿಗೆ ಸರಿಸಿದಳು. ಅವಳ ಅಜ್ಜಿಯನ್ನೂ ಹೀಗೇ ಹೊಸ್ತಿಲಲ್ಲಿ ನಿಂತು ಕರೆದಿದ್ದರು.

"ಮೇಡಂ, ಜರ್ಮನಿಯ ಸಂಶೋಧಕರು ಇದನ್ನು ಹೊಸ ವಿಧಾನದಲ್ಲಿ ಮತ್ತೆ ನೋಡಬೇಕು ಅಂತ ಕೇಳಿದ್ದಾರೆ. ಇದು ಇಲ್ಲದಿದ್ದರೆ ನಿಮ್ಮ ಲೇಖನಕ್ಕೆ ಸಾಕ್ಷಿ ಎಂತ ಇರ್ತದೆ?"

"ಇರುವುದಿಲ್ಲ."

"ಜನ ಅದನ್ನು ಸುಳ್ಳು ಅಂತ ಹೇಳಿದರೆ?"

"ಹೇಳಲಿ ಮಗಾ."

"ಪುಸ್ತಿಕೆಯಲ್ಲಿ ನಾನು ಎಂತ ಬರೆಯಲಿ?"

"ನಡೆದದ್ದನ್ನು ಬರಿ. ಹೆಸರೂ ಬರಿ. ಅಪ್ಪಿ ಮೆಂಡನ್, ಎರ್ಮಾಳು. ಲೇಖನದಲ್ಲಿ ನಾನು ಅದನ್ನು ಒಂದು ಕಡೆಯೂ ಬರೆದಿಲ್ಲ."

ಕಾಗದಪತ್ರ, ಒಪ್ಪಿಗೆ ಎಂದು ಮಧ್ಯಾಹ್ನವೇ ದಾಟಿತು. ವಿಭಾಗದ ಈಗಿನ ಮುಖ್ಯಸ್ಥರು ಮೊದಲು ಸಿಟ್ಟಾದರು, ಆಮೇಲೆ ರಿಜಿಸ್ಟರಿನ ಮೊದಲ ಪುಟದಲ್ಲಿ ಬೇಬಿಯೇ ಬರೆದಿದ್ದ ಹನ್ನೆರಡು ದಿನದ ಷರತ್ತನ್ನು ಓದಿ ಸಹಿ ಹಾಕಿ ಕೊಟ್ಟರು. ಹನ್ನೆರಡು ಮರದ ಪೆಟ್ಟಿಗೆ ಸ್ಲೈಡು, ಒಂದು ಜಾಡಿ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಬೇಬಿ ಕೂತಳು. ಉಡುಪಿ ದಾಟಿ, ಕಟಪಾಡಿ ದಾಟಿ, ಕಾಪುವಿಗೆ ಬರುವಾಗ ಮಾರ್ಕೆಟ್ಟಿನ ಹೆಂಗಸರು ಬುಟ್ಟಿ ತೊಳೆಯುತ್ತಿದ್ದರು. ಅಮ್ಮ ಸತ್ತ ಮೇಲೆ ಅತ್ತದ್ದು ಅವಳಿಗೆ ನೆನಪಿರಲಿಲ್ಲ, ಆಗ ಕೆಲಸವಿತ್ತು. ಈಗ ಕಾರಿನಲ್ಲಿ ಕಣ್ಣೀರು ಬಂತು, ಎರ್ಮಾಳಿನ ತನಕ ನಿಲ್ಲಲಿಲ್ಲ.

ಮನೆ ಸಮುದ್ರದ ಬದಿಗೇ ಇತ್ತು. ಅಳಿಯಕಟ್ಟಿನ ಮನೆ, ತಾಯಿಯಿಂದ ಮಗಳಿಗೆ ಬರುವಂಥದ್ದು. ಹಕ್ಕಿನಲ್ಲಿ ಅದು ಬೇಬಿಯದ್ದೇ; ಅವಳಿಗೆ ಮಣಿಪಾಲದಲ್ಲಿ ಮನೆಯಿದ್ದುದರಿಂದ ಶೇಖರ ಇದ್ದ. ಅವನು ಚಾವಡಿಯಲ್ಲಿ ಒರಗಿ ಕೂತಿದ್ದ. ಅತ್ತಿಗೆ ಒಳಗಿನಿಂದ ಇಣುಕಿ, "ಬಾ ಬೇಬಿ, ಯಾಕೆ ಅಲ್ಲೇ ನಿಂತಿ?" ಎಂದಳು. ಬೇಬಿ ಜಾಡಿ ಹಿಡಿದು ಅಂಗಳದಲ್ಲೇ ನಿಂತಳು. ಡ್ರೈವರು ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ಜೋಡಿಸಿ ಕಾರಿಗೆ ಮರಳಿದ.

"ಅಣ್ಣ, ಅಮ್ಮ ಒಳಗೆ ಬಾರದ್ದು ನಿನ್ನಿಂದ ಅಲ್ಲ" ಎಂದಳು ಬೇಬಿ. "ನಾನು ಕೊಡಲಿಲ್ಲ. ಅವತ್ತಿನ ಮಡಕೆಯಲ್ಲಿ ಅಮ್ಮ ಇರಲಿಲ್ಲ. ಮೇಣ ಇತ್ತು, ಮರಳು ಇತ್ತು. ನಾನೇ ತೂಕ ಮಾಡಿ ಹಾಕಿದ್ದೆ. ಅಮ್ಮ ಇದರಲ್ಲಿ ಇದ್ದಾಳೆ. ಈ ಪೆಟ್ಟಿಗೆಗಳಲ್ಲಿಯೂ."

ಶೇಖರ ಕಂಬ ಹಿಡಿದುಕೊಂಡು ಎದ್ದ. ಜಾಡಿಯನ್ನು ನೋಡಿದ, ಪೆಟ್ಟಿಗೆಗಳನ್ನು ನೋಡಿದ. ಒಂದನ್ನು ತೆರೆದು ಒಂದು ಗಾಜನ್ನು ಬೆಳಕಿಗೆ ಹಿಡಿದ. ನೇರಳೆ ಬಣ್ಣದ ಒಂದು ತೆಳು ಕಲೆ ಅದರ ನಡುವೆ ಇತ್ತು. ಅದನ್ನು ಅವನು ಎಷ್ಟೋ ಹೊತ್ತು ಹಾಗೇ ಹಿಡಿದಿದ್ದ.

"ಇದನ್ನೆಲ್ಲ ನೀನು ನೋಡಿದ್ದೀಯಾ? ಒಂದೊಂದೂ?"

"ಒಂದೊಂದೂ. ಎಷ್ಟೋ ಸಲ."

"ಹಾಗಾದರೆ ಹೇಳು." ಅವನು ಗಾಜನ್ನು ಅವಳ ಕಡೆಗೆ ತಿರುಗಿಸಿದ. "ನನ್ನ ಮೇಲೆ ಅವಳಿಗೆ ಸಿಟ್ಟು ಇತ್ತಲ್ಲ, ಅದು ಇದರಲ್ಲಿ ಉಂಟಾ?"

ಇಲ್ಲ ಅಣ್ಣ, ಸಿಟ್ಟು ಇರಲಿಲ್ಲ, ಎಂದು ಹೇಳಿಬಿಡಬಹುದಿತ್ತು. ಅವನು ನಂಬುತ್ತಿದ್ದ. ಆದರೆ ಅವನಿಗೆ ಇನ್ನೊಂದು ಮೇಣದ ಮಡಕೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

"ಅದೆಲ್ಲ ಕಾಣುವುದಿಲ್ಲ ಅಣ್ಣ. ಸಿಟ್ಟು, ಪ್ರೀತಿ, ನಾವಿಬ್ಬರು, ಒಂದೂ ಕಾಣುವುದಿಲ್ಲ. ನಲವತ್ತು ವರ್ಷ ಮಿದುಳು ನೋಡಿದೆ. ನನಗೆ ಕಂಡದ್ದು ಬರೀ ಕಲೆ."

"ಕಾಣುವುದಿಲ್ಲ" ಎಂದ ಶೇಖರ. "ಹಾಗಾದರೆ ಇಟ್ಟುಕೊಂಡದ್ದು ಎಂತಕ್ಕೆ?"

"ಹೆಸರಿಗೆ" ಎಂದಳು ಬೇಬಿ. "ನಾಲ್ಕು ಸಲ ನನ್ನ ಕೆಲಸವನ್ನು ತಿರುಗಿಸಿ ಕಳಿಸಿದ್ದರು. ನನಗೆ ಒಮ್ಮೆ ಗೆಲ್ಲಬೇಕಿತ್ತು."

ಅತ್ತಿಗೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಶೇಖರ ತಂಗಿಗೆ ಬೈಯಲಿಲ್ಲ. ಬೈದಿದ್ದರೆ ಬೇಬಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಗಾಜನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಮೆಟ್ಟಿಲಿಳಿದು ಬಂದು, ಅವಳ ಕೈಯಿಂದ ಜಾಡಿಯನ್ನು ತೆಗೆದುಕೊಂಡ. ಅವಳ ಬೆರಳು ತನಗೆ ತಾಗದ ಹಾಗೆ ತೆಗೆದುಕೊಂಡ.

"ಅಕ್ಷಿತ್ ಬರಲಿ, ಭಟ್ಟರನ್ನು ಕೇಳಿ, ದಿನ ನೋಡಿ..." ಎಂದು ಅತ್ತಿಗೆ ಮೆಲ್ಲನೆ ಶುರುಮಾಡಿದಳು.

"ಹದಿನಾರು ವರ್ಷ ನಿಂತಿದ್ದಾಳೆ. ಇನ್ನು ದಿನ ನೋಡುವುದು ಯಾಕೆ?" ಎಂದ ಶೇಖರ. "ನಾಳೆ ಸಮುದ್ರಕ್ಕೆ ಬಿಡುವ. ಇವತ್ತು ಒಳಗೆ ಬರಲಿ. ಚೆಂಬಿನಲ್ಲಿ ನೀರು ತಾ. ದೀಪ ಹಚ್ಚು."

ಪೆಟ್ಟಿಗೆಗಳನ್ನು ಒಂದೊಂದಾಗಿ ಅವನೇ ಚಾವಡಿಗೆ ಎತ್ತಿದ. ನಡುನಡುವೆ ಉಸಿರು ಕಟ್ಟಿ ನಿಲ್ಲುತ್ತಿದ್ದ. ಬೇಬಿ ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟಾಗ ಅವನು ಕೈ ಅಡ್ಡ ಹಿಡಿದ. ಕಾಲು ತೊಳೆದುಕೊಂಡ. ಜಾಡಿಯನ್ನು ಹೊಸ್ತಿಲ ಹೊರಗೆ ಮಣೆಯ ಮೇಲಿಟ್ಟು, ಚೆಂಬು ಹಿಡಿದು ಹೊಸ್ತಿಲಲ್ಲಿ ನಿಂತ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ.

"ಅಪ್ಪೆ" ಎಂದು ಕರೆದ. ನೀರು ಬಿಟ್ಟ. "ಅಪ್ಪೆ, ಉಲಾಯಿ ಬಲ. ನನ್ನಿಂದ ತಪ್ಪಾಯಿತು, ಒಳಗೆ ಬಾ." ಮೂರನೆಯ ಸಲ ಕರೆಯುವಾಗ ಅವನು ಅಳುತ್ತಿದ್ದ, ಸಣ್ಣ ಮಗು ಮಾರ್ಕೆಟ್ಟಿನಿಂದ ತಾಯಿ ಬರುವುದನ್ನು ಕಂಡು ಅಳುವ ಹಾಗೆ. ಆಮೇಲೆ ಜಾಡಿಯನ್ನು ಎದೆಗೆ ಒತ್ತಿಕೊಂಡು, ಬೆನ್ನು ತಿರುಗಿಸಿ ಒಳಗೆ ಹೋದ. ಅತ್ತಿಗೆ ಹಿಂದಿನಿಂದ ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದಳು. ಒಳಗಿನಿಂದ ಎಲೆ ಹಾಸುವ ಸದ್ದು, ಆಮೇಲೆ ಶೇಖರ ಹೆಂಡತಿಗೆ ಹೇಳುವುದು ಕೇಳಿಸಿತು: "ಸೋಮವಾರ ಆಸ್ಪತ್ರೆಗೆ ಹೋಗುವ ಅಂತ ಅಕ್ಷಿತ್‌ಗೆ ಹೇಳು. ಅನ್ನ ನಾನೇ ಬಡಿಸ್ತೇನೆ, ಕೊಡು."

ಬೇಬಿ ಅಂಗಳದಲ್ಲಿ ನಿಂತಿದ್ದಳು. ಬಾಗಿಲು ತೆರೆದೇ ಇತ್ತು, ಮನೆ ಅವಳದ್ದೇ ಆಗಿತ್ತು. ಅವಳು ಕಾದಳು, ಯಾರೂ ಕರೆಯಲಿಲ್ಲ.